ಎದುರಿಗೆ ಕೂತವರನ್ನು ಬರೆಯುವಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮನುಷ್ಯರನ್ನು ನೇರವಾಗಿ ನೋಡಿ ಚಿತ್ರ ಬರೆಯುವ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಹೆಚ್ಚು ಪತ್ರ ಬಂದಿದ್ದು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ. ಒಂದೇ ಬಗೆಯವನ್ನು ಸೇರಿಸಿ ಉತ್ತರಿಸಿದ್ದೇವೆ.

ಫೋಟೊ ನೋಡಿಕೊಂಡು ಬರೆದರೆ ಎಲ್ಲರೂ ಹೊಗಳ್ತಾರೆ. ತಮ್ಮನನ್ನೇ ಎದುರಿಗೆ ನಿಲ್ಲಿಸಿಕೊಂಡು ಬರೆದರೆ ತಲೆ ದೊಡ್ಡದು, ಕಾಲು ಗಿಡ್ಡ. ಪ್ರತಿ ಸಲವೂ ಇದೇ ತಪ್ಪು. ಎಲ್ಲಿ ಎಡವುತ್ತಿದ್ದೇನೆ?
— ಬಿ.ಕಾಂ. ವಿದ್ಯಾರ್ಥಿ, ತುಮಕೂರು

ಪ್ರತಿ ಸಲವೂ ಒಂದೇ ತಪ್ಪಾಗುತ್ತಿದ್ದರೆ ಕೈಯನ್ನು ದೂರಬೇಡಿ, ಮೊದಲು ನಿಂತ ಜಾಗ ನೋಡಿಕೊಳ್ಳಿ. ಕೋಣೆಯಲ್ಲಿ ತಮ್ಮನಿಂದ 5 ಅಡಿ ದೂರದಲ್ಲಿ ನಿಂತು ಬರೆದರೆ ಅವನ ಮುಖ ನಿಮ್ಮ ಕಣ್ಣಿಗೆ 5 ಅಡಿ ದೂರ, ಪಾದ ಸುಮಾರು 7 ಅಡಿ ದೂರ. ಅದೂ ಪಾದವನ್ನು ಮೇಲಿನಿಂದ ನೋಡುತ್ತಿದ್ದೀರಿ. ಅಲ್ಲಿಂದ ತಲೆ ದೊಡ್ಡದಾಗಿ, ಕಾಲು ಗಿಡ್ಡವಾಗಿ ಕಾಣುವುದು ನಿಜವೇ. ಕಂಡದ್ದನ್ನೇ ಬರೆದಿದ್ದೀರಿ, ಅಷ್ಟೆ. 15 ಅಡಿ ದೂರಕ್ಕೆ ಸರಿದು ನಿಂತರೆ ಮುಖ 15 ಅಡಿ, ಪಾದ 16 ಅಡಿಯೊಳಗೆ. ವ್ಯತ್ಯಾಸ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ನಿಂತವರನ್ನು ಬರೆಯಲು ಅವರ ಎತ್ತರದ ಮೂರರಷ್ಟು ದೂರ ಬೇಕು ಅನ್ನುವುದು ಇದಕ್ಕೇ. ಕೋಣೆ ಸಾಲದಿದ್ದರೆ ತಮ್ಮನನ್ನು ಅಂಗಳದಲ್ಲಿ ನಿಲ್ಲಿಸಿ, ನೀವು ನಡುಮನೆಯಿಂದ ಬಾಗಿಲಿನ ಮೂಲಕ ನೋಡಿ ಬರೆಯಿರಿ. ಬಾಗಿಲ ಚೌಕಟ್ಟಿನ ನೆಟ್ಟನೆಯ ಗೆರೆ ಅಳತೆಗೂ ಆಗುತ್ತದೆ.

ಎರಡನೆಯ ಅನುಮಾನ ಪ್ಯಾಡಿನ ಮೇಲೆ. ತೊಡೆಯ ಮೇಲೆ ಮಲಗಿಸಿಟ್ಟ ಕಾಗದದ ಮೇಲ್ತುದಿ ಕಣ್ಣಿಗೆ ದೂರ, ಕೆಳತುದಿ ಹತ್ತಿರ. ಮೇಲ್ಭಾಗ ಕುಗ್ಗಿ ಕಾಣುವುದರಿಂದ ಗೊತ್ತಿಲ್ಲದೆ ಅಲ್ಲಿ ಉದ್ದ ಮಾಡಿ ಬರೆಯುತ್ತೀರಿ. ಬರೆದು ಮುಗಿಸಿ ಗೋಡೆಗೆ ಒರಗಿಸಿ ನೋಡಿದಾಗ ತಲೆ, ಎದೆ ಊದಿಕೊಂಡಿರುತ್ತವೆ. ಬೋರ್ಡು ನಿಲ್ಲಿಸುವ ಈಸಲ್ ಇಲ್ಲದಿದ್ದರೆ ಪರವಾಗಿಲ್ಲ. ಎದುರಿಗೆ ಇನ್ನೊಂದು ಕುರ್ಚಿ ಹಾಕಿ, ಅದರ ಬೆನ್ನಿಗೆ ಬೋರ್ಡು ಒರಗಿಸಿದರೆ ಕಾಗದ ಕಣ್ಣಿಗೆ ನೇರವಾಗುತ್ತದೆ. ಕಾಗದ ಎ3 ಇರಲಿ, ಸಿಕ್ಕರೆ ಎ2. ಚಿಕ್ಕ ನೋಟ್‌ಬುಕ್ಕಿನಲ್ಲಿ ಬೆರಳು ಮಾತ್ರ ಓಡುತ್ತದೆ, ತೋಳು ಓಡುವುದಿಲ್ಲ.

ಮೂರನೆಯದು ನೀವು ಪತ್ರದಲ್ಲಿ ಹೇಳಿಲ್ಲ, ಆದರೂ ಊಹಿಸಬಹುದು: ಕಣ್ಣು ಮೂಗಿನಿಂದ ಶುರು ಮಾಡುತ್ತೀರಿ. ಮುಖ ಮುದ್ದಾಗಿ ಬರುತ್ತದೆ, ಮಂಡಿಯ ಹೊತ್ತಿಗೆ ಕಾಗದ ಮುಗಿದಿರುತ್ತದೆ. ಮೊದಲು ನೆತ್ತಿಗೆ ಒಂದು ಗೀಟು, ಹಿಮ್ಮಡಿಗೆ ಒಂದು ಗೀಟು ಹಾಕಿ. ಇವೆರಡರ ನಡುವೆ ಮೂರನೆಯದು. ನಿಂತ ದೊಡ್ಡವರಲ್ಲಿ ಅರ್ಧ ಎತ್ತರ ಬರುವುದು ಹೊಕ್ಕುಳಿಗಲ್ಲ, ತೊಡೆ ಶುರುವಾಗುವಲ್ಲಿ. ಕಾಲು ಗಿಡ್ಡ ಮಾಡುವವರು ಬಹುತೇಕ ಈ ಅರ್ಧವನ್ನು ಬೆಲ್ಟಿನ ಹತ್ತಿರ ಇಟ್ಟುಕೊಂಡಿರುತ್ತಾರೆ. ಉಳಿದ ಅರ್ಧದ ಅರ್ಧಕ್ಕೆ, ಸುಮಾರಾಗಿ, ಮಂಡಿ.

ಪೆನ್ಸಿಲ್ ಹಿಡಿದು ಅಳೆಯುವಾಗ ತೋಳು ಪೂರ್ತಿ ನೀಡಿರಬೇಕು, ಒಂದು ಕಣ್ಣು ಮುಚ್ಚಿರಬೇಕು, ಪೆನ್ಸಿಲ್ ಮುಂದಕ್ಕೂ ಹಿಂದಕ್ಕೂ ವಾಲಬಾರದು. ಮೊಣಕೈ ಒಮ್ಮೆ ಬಗ್ಗಿ ಒಮ್ಮೆ ನೀಡಿದರೆ ಎರಡು ಬೇರೆ ಬೇರೆ ಅಳತೆಕೋಲಿನಿಂದ ಅಳೆದಂತೆ. ಪೆನ್ಸಿಲ್ ತುದಿ ನೆತ್ತಿಗೆ, ಹೆಬ್ಬೆರಳಿನ ಉಗುರು ಗದ್ದಕ್ಕೆ ಬರಲಿ. ಆ ಅಳತೆಯನ್ನು ಕೆಳಕ್ಕೆ ಇಳಿಸುತ್ತಾ ಹೋಗಿ. ನಮ್ಮ ಸುತ್ತಮುತ್ತಲಿನ ಜನ ಏಳರಿಂದ ಏಳೂವರೆ ತಲೆಯಷ್ಟು ಎತ್ತರ ಬರುತ್ತಾರೆ. ಎಂಟು ತಲೆ ಎನ್ನುವುದು ಆದರ್ಶ ಮೈಕಟ್ಟಿನ ಲೆಕ್ಕ. ಎರಡು ವರ್ಷದ ಮಗು ಸುಮಾರು ಐದು ತಲೆ. ಪುಸ್ತಕದ ಸಂಖ್ಯೆಗೂ ಪೆನ್ಸಿಲ್ಲಿಗೂ ಜಗಳ ಬಂದರೆ ಪೆನ್ಸಿಲ್ಲನ್ನು ನಂಬಿ.

ಫೋಟೊದಿಂದ ಬರೆಯುವುದು ಸಲೀಸು ಏಕೆ ಅನ್ನುವುದೂ ಇದರಲ್ಲೇ ಇದೆ. ಎಲ್ಲಿ ನಿಲ್ಲಬೇಕು, ಚೌಕಟ್ಟು ಎಲ್ಲಿ ಮುಗಿಯಬೇಕು, ಉಬ್ಬುತಗ್ಗಿನ ಮೈ ಚಪ್ಪಟೆ ಹಾಳೆಯ ಮೇಲೆ ಹೇಗೆ ಕೂರಬೇಕು ಎಂಬ ತೀರ್ಮಾನಗಳನ್ನೆಲ್ಲ ಕ್ಯಾಮೆರಾ ಮೊದಲೇ ಮಾಡಿ ಮುಗಿಸಿರುತ್ತದೆ. ಎದುರಿಗೆ ಮನುಷ್ಯ ನಿಂತಾಗ ಅವನ್ನು ನೀವೇ ಮಾಡಬೇಕು.

ನಮ್ಮ ಮನೆಯಲ್ಲಿ ನನ್ನ ಮುಂದೆ ಕೂರೋರು ಅಜ್ಜಿ ಒಬ್ಬರೇ. ಅವರೂ ಹತ್ತು ನಿಮಿಷಕ್ಕೆ ತೂಕಡಿಸ್ತಾರೆ, ಇಲ್ಲ ಎದ್ದು ಹೋಗ್ತಾರೆ. ಮಾಡೆಲ್ ಇಲ್ಲದೆ ಕಲಿಯೋದು ಹೇಗೆ?
— ಪಿಯುಸಿ ವಿದ್ಯಾರ್ಥಿನಿ, ಚಿಂತಾಮಣಿ

ತೂಕಡಿಸುವ ಅಜ್ಜಿಗಿಂತ ಒಳ್ಳೆ ಮಾಡೆಲ್ ಬೇಕೇ? ಅಭ್ಯಾಸವಾದ ಮಾಡೆಲ್‌ಗಳಿಗೂ 20 ನಿಮಿಷಕ್ಕೊಮ್ಮೆ 5 ನಿಮಿಷ ಬಿಡುವು ಕೊಡುವುದು ರೂಢಿ. ಅಜ್ಜಿಗೆ 10 ನಿಮಿಷ ಸಾಕು. ಗೋಡೆಗೆ ಒರಗಿಸಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ. ಪಾದದ ಸುತ್ತ, ಚಕ್ಕಳಮಕ್ಕಳ ಕೂತಿದ್ದರೆ ಮಂಡಿಯ ಹತ್ತಿರ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಎದ್ದು ಕಾಫಿ ಕುಡಿದು ಬಂದ ಮೇಲೆ ಅದೇ ಗುರುತಿಗೆ ಕೂರಿಸಬಹುದು.

ಕೂತ ಮೊದಲ ಮೂರು ನಾಲ್ಕು ನಿಮಿಷದಲ್ಲಿ ಮೈ ಇಳಿಯುತ್ತದೆ. ನೆಟ್ಟಗಿದ್ದ ಬೆನ್ನು ಬಾಗುತ್ತದೆ, ಗದ್ದ ಕೆಳಗಾಗುತ್ತದೆ, ಭುಜ ಒಂದು ಕಡೆ ಜಾರುತ್ತದೆ. ಆಗಲೇ ಮುಖ ತಿದ್ದಿ ತೀಡಿದ್ದರೆ ಅಷ್ಟೂ ವ್ಯರ್ಥ. ಅಷ್ಟು ಹೊತ್ತು ತಲೆಯ ಓರೆ, ಬೆನ್ನಿನ ಬಾಗು, ನೆಲಕ್ಕೆ ತಾಗಿದ ಜಾಗ, ಇವನ್ನು ಮಾತ್ರ ತೆಳ್ಳಗೆ ಹಾಕಿ ಕಾಯಿರಿ. ಮೈ ಇಳಿದ ಮೇಲಿನ ಭಂಗಿಯೇ ಅವರ ನಿಜವಾದ ಭಂಗಿ. ನೆಲದ ಮೇಲೆ ಕೂತವರು ನೆಲದಿಂದ ನೆತ್ತಿಗೆ ಮೂರೂವರೆಯಿಂದ ನಾಲ್ಕು ತಲೆ. ಕುರ್ಚಿಯಲ್ಲಿ ಕೂತವರು ಐದೂವರೆಯಿಂದ ಆರು.

ಅಜ್ಜಿ ಮಲಗಿಬಿಟ್ಟರೆ ಪಕ್ಕದಿಂದ ಬರೆಯಿರಿ. ಪಾದದ ಕಡೆಯಿಂದ ನೋಡಿ ಬರೆಯುವುದು ಕಷ್ಟ: ಎದುರಿಗಿರುವ ಅಂಗಾಲು ಅವರ ಮುಖಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಬುದ್ಧಿ ಅದನ್ನು ಒಪ್ಪದೆ ಚಿಕ್ಕದು ಮಾಡಿಸುತ್ತದೆ. ಒಂದು ತಿಂಗಳಾದ ಮೇಲೆ ಅಲ್ಲಿಗೆ ಹೋಗಿ. ಮುಂದೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜಿನಲ್ಲೋ ಮೈಸೂರಿನ ಕಾವಾ ಕಲಾಶಾಲೆಯಲ್ಲೋ ಬಿ.ವಿ.ಎ. (ದೃಶ್ಯಕಲೆಯ ಪದವಿ) ಸೇರುವ ಯೋಚನೆ ಇದ್ದರೆ, ಅಜ್ಜಿಯ ಈ ಹಾಳೆಗಳನ್ನು ಎಸೆಯಬೇಡಿ. ತಿದ್ದಿ ಸುಂದರ ಮಾಡಿದ ಫೋಟೊ ನಕಲಿಗಿಂತ ಇವುಗಳಿಗೇ ಹೆಚ್ಚು ಬೆಲೆ.

ನಿಂತವರನ್ನು ಬರೆದರೆ ಬಿದ್ದೇಹೋಗ್ತಾರೇನೋ ಅನ್ನಿಸುತ್ತೆ. ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸ್ ಹೊರುವವರನ್ನು ಬರೆಯಲು ಹೋದರಂತೂ ಇನ್ನೂ ಕೆಟ್ಟದಾಗುತ್ತೆ.
— ಶಾಲಾ ಶಿಕ್ಷಕರು, ಬಂಗಾರಪೇಟೆ

ಚಿತ್ರದಲ್ಲಿ ಮನುಷ್ಯ ಬೀಳುತ್ತಾನೆ ಅಂದರೆ ಅವನ ಭಾರ ಎಲ್ಲಿ ಇಳಿಯುತ್ತಿದೆ ಎಂದು ನೋಡದೆ ಅಂಚು ಮಾತ್ರ ಬರೆದಿದ್ದೀರಿ ಎಂದರ್ಥ. ಒಂದು ದಾರಕ್ಕೆ ಕಬ್ಬಿಣದ ನಟ್ಟು ಕಟ್ಟಿ ಜೇಬಿನಲ್ಲಿಟ್ಟುಕೊಳ್ಳಿ. ಕಣ್ಣಿನ ಮುಂದೆ ಇಳಿಬಿಟ್ಟು, ದಾರ ಎದುರಿನವರ ಗಂಟಲ ಗುಳಿಯ ಮೇಲೆ ಹಾಯುವಂತೆ ಹಿಡಿಯಿರಿ. ಎರಡೂ ಕಾಲಿನ ಮೇಲೆ ಸಮವಾಗಿ ನಿಂತಿದ್ದರೆ ದಾರ ಎರಡು ಪಾದಗಳ ನಡುವೆ ಇಳಿಯುತ್ತದೆ. ಒಂದೇ ಕಾಲಿನ ಮೇಲೆ ಭಾರ ಬಿಟ್ಟು ನಿಂತಿದ್ದರೆ ಆ ಕಾಲಿನ ಒಳಹರಡಿನ (ಪಾದದ ಗಂಟಿನ ಒಳಬದಿಯ ಮೂಳೆಯ) ಹತ್ತಿರ ಇಳಿಯುತ್ತದೆ. ಕಾಗದದಲ್ಲೂ ಅದೇ ಗೆರೆ ಮೊದಲು ಹಾಕಿ.

ಭಾರ ಹೊತ್ತ ಕಾಲಿನ ಕಡೆ ಸೊಂಟ ಮೇಲೇಳುತ್ತದೆ, ಅದೇ ಕಡೆಯ ಭುಜ ಕೆಳಗಿಳಿಯುತ್ತದೆ. ಸೊಂಟದ ಗೆರೆಯೂ ಭುಜದ ಗೆರೆಯೂ ಒಂದಕ್ಕೊಂದು ಎದುರು ವಾಲುತ್ತವೆ. ಎರಡನ್ನೂ ಅಡ್ಡಕ್ಕೆ ಸಮನಾಗಿ ಎಳೆದರೆ ಕವಾಯತಿಗೆ ನಿಲ್ಲಿಸಿದಂತಿರುತ್ತದೆ; ಎರಡನ್ನೂ ಒಂದೇ ಕಡೆಗೆ ವಾಲಿಸಿದರೆ ಬೀಳುತ್ತಾರೆ.

ಹೊರೆ ಹೊತ್ತವರಿಗೆ ಗಂಟಲ ಗುಳಿಯ ಲೆಕ್ಕ ಕೈಕೊಡುತ್ತದೆ, ಏಕೆಂದರೆ ಈಗ ತೂಗಬೇಕಿರುವುದು ಆ ಮನುಷ್ಯನೊಬ್ಬನನ್ನೇ ಅಲ್ಲ. 60 ಕೆ.ಜಿ. ತೂಕದವರು 15 ಕೆ.ಜಿ. ಬಾಕ್ಸನ್ನು ಬಲಭುಜದ ಮೇಲೆ ಇಟ್ಟುಕೊಂಡರೆ ಎರಡರ ಒಟ್ಟು ಭಾರದ ನಡುಬಿಂದು, ಮೈಯ ನಡುಬಿಂದುವಿನಿಂದ ಬಾಕ್ಸಿನ ನಡುಬಿಂದುವಿಗಿರುವ ದೂರದ ಐದನೇ ಒಂದರಷ್ಟು ಬಾಕ್ಸಿನ ಕಡೆಗೆ ಸರಿಯುತ್ತದೆ. ಅದನ್ನು ಮತ್ತೆ ಪಾದದ ಮೇಲೆ ತರಲು ಮೈ ಎಡಕ್ಕೆ ವಾಲುತ್ತದೆ, ಸೊಂಟವೂ ಎಡಕ್ಕೆ ದೂಡುತ್ತದೆ, ಎಡಗೈ ದೇಹದಿಂದ ದೂರ ನಿಲ್ಲುತ್ತದೆ. ನೀವು ಮನುಷ್ಯನನ್ನು ನೆಟ್ಟಗೆ ಬರೆದು ಆಮೇಲೆ ಭುಜದ ಮೇಲೆ ಬಾಕ್ಸ್ ಅಂಟಿಸಿದ್ದೀರಿ, ಅದಕ್ಕೇ ಬಾಕ್ಸ್ ಖಾಲಿಯಾಗಿ ಕಾಣುತ್ತದೆ. ಬಾಕ್ಸನ್ನು ಮೊದಲು ತೆಳ್ಳಗೆ ಹಾಕಿ, ಪಾದ ಎಲ್ಲಿ ಊರಿದೆ ಎಂದು ಗುರುತು ಮಾಡಿ, ನಡುವಿನ ಮೈಯನ್ನು ಕೊನೆಗೆ ತುಂಬಿ. ತಲೆಯ ಮೇಲೆ ಹೊತ್ತಿದ್ದರೆ ಕತ್ತು ಬೆನ್ನು ನೆಟ್ಟಗೆ. ಬೆನ್ನ ಮೇಲೆ ಮೂಟೆಯಿದ್ದರೆ ಮೈ ಮುಂದಕ್ಕೆ. ಸೊಂಟದಲ್ಲಿ ಕೊಡ ಇದ್ದರೆ ಸೊಂಟ ಕೊಡದ ಕಡೆ, ಎದೆ ಅದಕ್ಕೆದುರು. ಕಂಬಕ್ಕೋ ಲಾರಿಗೋ ಒರಗಿ ನಿಂತವರಿಗೆ ಇದ್ಯಾವುದೂ ಅನ್ವಯಿಸುವುದಿಲ್ಲ. ಅವರ ಭಾರದಲ್ಲಿ ಪಾಲು ಲಾರಿಯದು.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಕೂತು ಸ್ಕೆಚ್ ಮಾಡುವ ಆಸೆ. ಒಬ್ಬರೂ ಒಂದು ಕ್ಷಣ ನಿಲ್ಲೋದಿಲ್ಲ.
— ರೇಷ್ಮೆ ಬೆಳೆಗಾರರು, ಶಿಡ್ಲಘಟ್ಟ

ನಿಲ್ಲುವುದಿಲ್ಲ, ಆದರೆ ಮತ್ತೆ ಮತ್ತೆ ಅದೇ ಭಂಗಿಗೆ ಬರುತ್ತಾರೆ. ಗೂಡು ಸುರಿಯುವುದು, ಕೈಯಾಡಿಸಿ ನೋಡುವುದು, ತೂಕಕ್ಕೆ ಎತ್ತಿಡುವುದು. ಒಂದೇ ಹಾಳೆಯಲ್ಲಿ ಈ ಮೂರು ಭಂಗಿ ಶುರು ಮಾಡಿ. ಒಬ್ಬರು ಬಗ್ಗಿದಾಗ ಬಗ್ಗಿದ ಚಿತ್ರಕ್ಕೆ ಎರಡು ಗೆರೆ, ಎದ್ದಾಗ ಎದ್ದ ಚಿತ್ರಕ್ಕೆ ಎರಡು ಗೆರೆ. ಬಗ್ಗಿದವರು ಬೇರೆ ಯಾರೋ ಆಗಿದ್ದರೂ ನಡೆಯುತ್ತದೆ. ಮೊದಲ ಗೆರೆ ನೆತ್ತಿಯಿಂದ ಬೆನ್ನುಹುರಿಯ ಗುಂಟ ಭಾರ ಹೊತ್ತ ಹಿಮ್ಮಡಿಯವರೆಗೆ, ಒಂದೇ ಎಳೆತ. ಆಮೇಲೆ ಭುಜ, ಸೊಂಟ, ಕೈ. ಕಣ್ಣು ಮೂಗು ಬೇಡ. ಬಾಲ್‌ಪೆನ್ ತೆಗೆದುಕೊಂಡು ಹೋಗಿ; ರಬ್ಬರ್ ಇದ್ದರೆ ಅಳಿಸುವುದರಲ್ಲೇ ಹರಾಜು ಮುಗಿದಿರುತ್ತದೆ.

ಗೋಡೆಗೆ ಬೆನ್ನು ಕೊಟ್ಟು, ಓಡಾಡುವ ದಾರಿ ಬಿಟ್ಟು ನಿಲ್ಲಿ. ಹತ್ತಿರದವರಿಗೆ ಮೊದಲೇ ಒಂದು ಮಾತು ಹೇಳಿ, ಬೇಡ ಅಂದವರನ್ನು ಬಿಟ್ಟುಬಿಡಿ. ಕೇಳಿದವರಿಗೆ ಪುಸ್ತಕ ತೋರಿಸಿ. ಮನೆಯಲ್ಲಿ ಅಭ್ಯಾಸಕ್ಕೆ: ಅರ್ಧ ನಿಮಿಷದ ಹತ್ತು, ಎರಡು ನಿಮಿಷದ ಐದು, ಹತ್ತು ನಿಮಿಷದ ಒಂದು. ಮೊಬೈಲಿನ ಅಲಾರಂ ಇಟ್ಟುಕೊಂಡು, ಹೊಡೆದ ಕೂಡಲೇ ಕೈ ಎತ್ತಬೇಕು.

ಚಿತ್ರ ಬರೆಯೋ ಇದ್ದಿಲು, ಚಾರ್ಕೋಲ್ ಕಡ್ಡಿ, ನಮ್ಮೂರಲ್ಲಿ ಸಿಗಲ್ಲ. ಪೆನ್ಸಿಲ್ ಸಾಲದೇ? ಮನೆಯಲ್ಲೇ ಮಾಡಿಕೊಳ್ಳಬಹುದೇ?
— ದ್ರಾಕ್ಷಿ ತೋಟದ ರೈತರ ಮಗ, ಚಿಕ್ಕಬಳ್ಳಾಪುರ ತಾಲ್ಲೂಕು

4ಬಿ, 6ಬಿ ಪೆನ್ಸಿಲ್ ಸಾಲುತ್ತದೆ. ಆದರೆ ಚಾರ್ಕೋಲಿನ ಅನುಕೂಲವೇ ಬೇರೆ: ಪಕ್ಕ ಮಾಡಿ ಎಳೆದರೆ ಒಂದೇ ಸಲಕ್ಕೆ ಇಡೀ ಬೆನ್ನಿನ ನೆರಳು ಬೀಳುತ್ತದೆ, ತಪ್ಪಾದರೆ ಬಟ್ಟೆಯಲ್ಲಿ ಕೊಡವಿದರೆ ಹೋಗುತ್ತದೆ. ಇನ್ನು ನಿಮ್ಮ ತೋಟದಲ್ಲಿ ಬಳ್ಳಿ ಸವರಿ ಬಿಸಾಡುವ ದ್ರಾಕ್ಷಿ ಕಡ್ಡಿಯಿಂದಲೇ ಪಾಶ್ಚಾತ್ಯ ಚಿತ್ರಕಾರರು ಶತಮಾನಗಳಿಂದ ಚಾರ್ಕೋಲ್ ಮಾಡಿಕೊಳ್ಳುತ್ತಾ ಬಂದಿದ್ದಾರೆ. ಕಚ್ಚಾಮಾಲು ಕಾಲಡಿಯಲ್ಲೇ ಇದೆ.

ಪೆನ್ಸಿಲ್ ದಪ್ಪದ, ನೆಟ್ಟಗಿರುವ ಕಡ್ಡಿ ಆರಿಸಿ, ಗಿಣ್ಣು ಬಿಟ್ಟು 5-6 ಇಂಚಿಗೆ ಕತ್ತರಿಸಿ. ಸಿಪ್ಪೆ ಸುಲಿದು ಕೆಲವು ವಾರ ನೆರಳಲ್ಲಿ ಒಣಗಿಸಿ. ಮುಚ್ಚಳ ಬಿಗಿಯಾಗುವ ತಗಡಿನ ಡಬ್ಬಿಯಲ್ಲಿ ಅಲುಗಾಡದಷ್ಟು ಒತ್ತಾಗಿ ತುಂಬಿ. ಮುಚ್ಚಳಕ್ಕೆ ಮೊಳೆಯಿಂದ ಒಂದು ತೂತು ಹೊಡೆಯಲೇಬೇಕು. ತೂತಿಲ್ಲದ ಡಬ್ಬಿ ಒಳಗಿನ ಅನಿಲ ತುಂಬಿ ಸಿಡಿಯುತ್ತದೆ. ಬಯಲಲ್ಲಿ, ಸೌದೆ ಬೆಂಕಿಯ ನಡುವೆ ಇಡಿ. ತೂತಿನಿಂದ ಮೊದಲು ಬಿಳಿ ಹೊಗೆ ಬರುತ್ತದೆ, ಕೆಲವೊಮ್ಮೆ ಅದಕ್ಕೇ ಜ್ವಾಲೆ ಹತ್ತುತ್ತದೆ, ಗಾಬರಿ ಬೇಡ. ಹೊಗೆ ಪೂರ್ತಿ ನಿಂತ ಮೇಲೆ (ಚಿಕ್ಕ ಡಬ್ಬಿಗೆ ಇದಕ್ಕೆ ಸುಮಾರು ಒಂದು ಗಂಟೆ ಹಿಡಿಯುತ್ತದೆ) ಇಕ್ಕಳದಲ್ಲಿ ಹೊರತೆಗೆದು ತೂತಿಗೆ ಹಸಿಮಣ್ಣು ಮೆತ್ತಿ. ಮರುದಿನದವರೆಗೆ ತೆರೆಯಬೇಡಿ. ಬಿಸಿಯಿದ್ದಾಗ ತೆರೆದರೆ ಗಾಳಿ ತಾಗಿ ಕಡ್ಡಿಗೆ ಕೆಂಡ ಹತ್ತಿ, ಬೂದಿ ಉಳಿಯುತ್ತದೆ.

ಮುರಿದು ನೋಡಿ. ಒಳಗೆಲ್ಲ ಕಪ್ಪಾಗಿದ್ದರೆ ಸರಿ. ನಡುವೆ ಕಂದು ಉಳಿದಿದ್ದು ಕಾಗದ ಗೀರುತ್ತಿದ್ದರೆ ಸುಟ್ಟಿದ್ದು ಸಾಲದು, ಮತ್ತೆ ಬೆಂಕಿಗೆ. ಹಿಡಿದರೆ ಪುಡಿಯಾದರೆ ಡಬ್ಬಿಗೆ ಗಾಳಿ ನುಗ್ಗಿದೆ, ಇಲ್ಲವೇ ಬೆಂಕಿ ಅತಿಯಾಗಿದೆ. ಕಾಗದ ನುಣುಪಾಗಿರಬಾರದು, ಆರ್ಟ್ ಪೇಪರ್ ಮೇಲೆ ಪುಡಿ ನಿಲ್ಲುವುದಿಲ್ಲ. ತುಸು ಒರಟಾದ ಡ್ರಾಯಿಂಗ್ ಹಾಳೆ, ಕಾರ್ಟ್ರಿಜ್ ಶೀಟ್, ಒಳ್ಳೆಯದು. ಅಭ್ಯಾಸಕ್ಕೆ ನ್ಯೂಸ್‌ಪ್ರಿಂಟ್ ಸಾಕು, ಕೆಲವು ವರ್ಷಕ್ಕೆ ಹಳದಿಯಾಗುತ್ತದೆ ಎಂಬುದು ಗೊತ್ತಿರಲಿ.

ಕೈದಾಳದ ಚೆನ್ನಕೇಶವ ದೇವಾಲಯದ ಶಿಲ್ಪ ನೋಡಿ ಬರೆದರೆ ಮನುಷ್ಯಾಕೃತಿ ಕಲಿತಂತಾಗುತ್ತದೆಯೇ? ಶಿಲ್ಪಶಾಸ್ತ್ರದಲ್ಲಿ ನವತಾಲ ಅಂತಾರೆ. ಒಂಬತ್ತು ತಲೆ ಹಾಕಿದರೆ ಜಿರಾಫೆ ಆಗುತ್ತದಲ್ಲ?
— ನಿವೃತ್ತ ಅಂಚೆ ನೌಕರರು, ಗುಬ್ಬಿ

ತಾಲ ಅಂದರೆ ಪೂರ್ತಿ ತಲೆ ಅಲ್ಲ, ಮುಖ: ಹಣೆಯ ಮೇಲೆ ಕೂದಲು ಶುರುವಾಗುವಲ್ಲಿಂದ ಗದ್ದದ ತುದಿಯವರೆಗೆ. ಒಂದು ತಾಲಕ್ಕೆ 12 ಅಂಗುಲ, ನವತಾಲಕ್ಕೆ 108. ಮುಖದ ಲೆಕ್ಕದಲ್ಲಿ ಒಂಬತ್ತು ಅಂದರೆ ತಲೆಯ ಲೆಕ್ಕದಲ್ಲಿ ಏಳು, ಏಳೂವರೆಯ ಆಸುಪಾಸಿಗೇ ಬಂದು ನಿಲ್ಲುತ್ತದೆ. ಜಿರಾಫೆ ಆಗುವುದಿಲ್ಲ.

ಶಿಲ್ಪ ಅಲುಗಾಡುವುದಿಲ್ಲ, ಬೈಯುವುದಿಲ್ಲ. ಅಳೆಯುವುದು, ನೆರಳು ಹಿಡಿಯುವುದು ಕಲಿಯಲು ಬಹಳ ಒಳ್ಳೆಯದು. ಮಧ್ಯಾಹ್ನ ಬೇಡ; ಬೆಳಿಗ್ಗೆಯೋ ಸಂಜೆಯೋ ಓರೆ ಬಿಸಿಲಿನಲ್ಲಿ ಉಬ್ಬುತಗ್ಗು ಕಾಣುತ್ತದೆ. ಚಿಕ್ಕಬಳ್ಳಾಪುರದ ಕಡೆಯವರಿಗೆ ನಂದಿಯ ಭೋಗನಂದೀಶ್ವರ ದೇವಾಲಯದ ಕಲ್ಯಾಣ ಮಂಟಪದ ಕಂಬಗಳಿವೆ. ಆದರೆ ಶಿಲ್ಪಿ ಮೂಳೆ ಸ್ನಾಯುಗಳನ್ನು ಬೇಕೆಂದೇ ಮರೆಮಾಡಿ ಮೈಯನ್ನು ನುಣ್ಣಗೆ ತುಂಬಿಸಿದ್ದಾನೆ. ಮಂಡಿಚಿಪ್ಪು, ಮೊಣಕೈ, ಕಾಲರ್ ಬೋನ್ ಹೇಗಿರುತ್ತವೆ ಎಂದು ಕಲ್ಲು ಹೇಳುವುದಿಲ್ಲ. ದೇವರ ವಿಗ್ರಹ ಸಮಭಂಗದಲ್ಲಿ ನಿಂತಿದ್ದರೆ ಎರಡು ಕಾಲಿಗೂ ಸಮಭಾರ. ಮೇಲೆ ಬಂಗಾರಪೇಟೆಯವರಿಗೆ ಹೇಳಿದ ಸೊಂಟ-ಭುಜದ ಓರೆ ಅಲ್ಲಿ ಸಿಗದು, ಮೈ ಮೂರು ಕಡೆ ಬಾಗಿದ ತ್ರಿಭಂಗದ ಶಿಲ್ಪ ಹುಡುಕಬೇಕು. ವಾರದಲ್ಲಿ ಒಂದು ದಿನ ಕಲ್ಲು, ಉಳಿದ ದಿನ ಜೀವಂತ ಮನುಷ್ಯರು. ಹೀಗಿರಲಿ.

ಬಟ್ಟೆಯಿಲ್ಲದ ಮಾಡೆಲ್ ನೋಡದೆ ಅಂಗರಚನೆ ಕಲಿಯಲು ಆಗುವುದಿಲ್ಲ ಅನ್ನುತ್ತಾರೆ. ನಮ್ಮ ಕಡೆ ಅದೆಲ್ಲಿ ಸಾಧ್ಯ?
— ಹೆಸರು ಬೇಡ ಎಂದವರು, ಮಧುಗಿರಿ

ಕಲಾಶಾಲೆಯಲ್ಲಿ ಅದಕ್ಕೊಂದು ಜಾಗವಿದೆ, ನಿಜ. ಅದಿಲ್ಲದಿದ್ದರೆ ಕಲಿಕೆ ನಿಲ್ಲುವುದಿಲ್ಲ. ಚರ್ಮದ ಕೆಳಗೇ ಸಿಗುವ ಮೂಳೆಯ ಗುರುತುಗಳು ಸಾಕಷ್ಟಿವೆ: ಗಂಟಲ ಗುಳಿ, ಅದರ ಎರಡು ಕಡೆ ತುಸು ಡೊಂಕಾಗಿ ಹೋಗುವ ಕಾಲರ್ ಬೋನ್, ಕತ್ತು ಬಗ್ಗಿಸಿದಾಗ ಹಿಂದೆ ಉಬ್ಬುವ ಮೂಳೆ, ಭುಜದ ತುದಿ, ಮೊಣಕೈ, ಸೊಂಟದ ಮೂಳೆಯ ಮೊನೆ, ಮಂಡಿಚಿಪ್ಪು, ಹರಡು. ದಪ್ಪಗಿದ್ದವರಲ್ಲೂ ಸಣ್ಣಗಿದ್ದವರಲ್ಲೂ ಇವು ಇದ್ದಲ್ಲೇ ಇರುತ್ತವೆ. ಕನ್ನಡಿ ಮುಂದೆ ನಿಂತು ನಿಮ್ಮ ಮೈಮೇಲೆ ಬೆರಳಿಟ್ಟು ಹುಡುಕಿ. ಒಳಹರಡು ಹೊರಹರಡಿಗಿಂತ ಮೇಲಿದೆ ಎಂಬುದನ್ನು ಮುಟ್ಟಿ ನೋಡಿದವರು ಪಾದವನ್ನು ಮತ್ತೆ ತಪ್ಪು ಬರೆಯುವುದಿಲ್ಲ. ಊರಲ್ಲಿ ಗರಡಿಮನೆ ಇದ್ದರೆ ಒಪ್ಪಿಗೆ ಕೇಳಿ ಹೋಗಿ. ಪಂಚೆ ಎತ್ತಿಕಟ್ಟಿ ಗದ್ದೆಗಿಳಿದವರ ಬೆನ್ನು, ಮೀನಖಂಡ ನೋಡಿ.

ಸೀರೆಯ ನಿರಿಗೆ ಬರೆದರೆ ಪರದೆ ನೇತುಹಾಕಿದ ಹಾಗೆ ಆಗುತ್ತೆ.
— ಗೃಹಿಣಿ, ಮುಳಬಾಗಿಲು

ಬಟ್ಟೆಯ ಮಡಿಕೆ ಎಲ್ಲಿಂದಲೋ ಹುಟ್ಟುವುದಿಲ್ಲ, ಎಳೆತ ಇರುವಲ್ಲಿಂದ ಹೊರಡುತ್ತದೆ. ಸೀರೆಯಲ್ಲಿ ಮುಖ್ಯವಾಗಿ ಮೂರು ಜಾಗ: ಸೆರಗು ಕೂತ ಎಡಭುಜ, ನಿರಿಗೆ ಸಿಕ್ಕಿಸಿದ ಹೊಕ್ಕುಳ ಹತ್ತಿರ, ಸುತ್ತಿ ಬಿಗಿಯಾದ ಸೊಂಟ. ಮುಂದಿಟ್ಟ ಮಂಡಿ ನಾಲ್ಕನೆಯದು. ಅಲ್ಲಿ ನಿರಿಗೆ ಒತ್ತಿ ಮಾಯವಾಗುತ್ತದೆ, ಅದರ ಕೆಳಗೆ ಮತ್ತೆ ತೆರೆಯುತ್ತದೆ. ಮೊದಲು ಸೊಂಟದ ಓರೆ, ಎರಡು ಮಂಡಿ, ಎರಡು ಹಿಮ್ಮಡಿ ತೆಳ್ಳಗೆ ಗುರುತು ಮಾಡಿ, ಆಮೇಲೆ ಸೀರೆ. ಎಲ್ಲ ನಿರಿಗೆ ಬರೆಯಬೇಡಿ. ಎರಡು ಮೂರನ್ನು ಪೂರ್ತಿ, ಉಳಿದದ್ದನ್ನು ಅರ್ಧಕ್ಕೆ ಬಿಡಿ. ಕೆಳಗಿನ ಅಂಚನ್ನು ನೇರ ಗೆರೆಯಲ್ಲಿ ಮುಗಿಸಿದರೆ ಪರದೆ. ಕಾಲನ್ನು ಸುತ್ತುವ ಬಾಗು ಕೊಟ್ಟರೆ ಒಳಗೆ ಮನುಷ್ಯ ಇದ್ದಾರೆ ಅನ್ನಿಸುತ್ತದೆ. ಒಗೆದು ಗಂಜಿ ಹಾಕಿದ ಕಾಟನ್ ಮೂಲೆ ಮೂಲೆಯಾಗಿ ಮುರಿಯುತ್ತದೆ, ಸಿಂಥೆಟಿಕ್ ಉದ್ದಕ್ಕೆ ಇಳಿಯುತ್ತದೆ. ಕಲಿಯಲು ಕಾಟನ್ ಸುಲಭ.

ಕೈ ಬರೆಯುವುದೇ ಇಲ್ಲ ನಾನು, ಜೇಬಿನಲ್ಲಿ ಇಡಿಸ್ತೀನಿ. ಪರಿಹಾರ?
— ಶಿರಾ

ಬೆರಳುಗಳನ್ನು ಒಂದೊಂದಾಗಿ ಬರೆಯುವುದು ಬಿಡಿ. ಅಂಗೈ ಒಂದು ಚೌಕ, ನಾಲ್ಕು ಬೆರಳು ಕೂಡಿ ಒಂದು ಆಕಾರ, ಹೆಬ್ಬೆರಳು ಬೇರೆ. ಇಡೀ ಕೈಯ ಉದ್ದ ಗದ್ದದಿಂದ ಹಣೆಯ ಕೂದಲಿನವರೆಗಿನ ಮುಖದಷ್ಟು. ಜನ ಸಾಮಾನ್ಯವಾಗಿ ಚಿಕ್ಕದು ಬರೆಯುತ್ತಾರೆ. ಗೆಣ್ಣುಗಳು ಬಾಗಿದ ಸಾಲಿನಲ್ಲಿವೆ, ನೇರ ಸಾಲಿನಲ್ಲಲ್ಲ. ಬೆರಳು ಹಿಂಗೈ ಕಡೆಯಿಂದ ಉದ್ದ, ಅಂಗೈ ಕಡೆಯಿಂದ ಗಿಡ್ಡ ಕಾಣುತ್ತದೆ. ಮಾಡೆಲ್ ಬೇಕಿಲ್ಲ, ಬರೆಯದ ಕೈ ಖಾಲಿ ಇದೆಯಲ್ಲ.

ಚಾರ್ಕೋಲ್ ಚಿತ್ರ ಅಳಿಸಿಹೋಗದಂತೆ ಹೇರ್ ಸ್ಪ್ರೇ ಹೊಡೆಯಬಹುದೇ?
— ಗೌರಿಬಿದನೂರು

ಅಭ್ಯಾಸದ ಹಾಳೆಗೆ ಆದೀತು. ಇಟ್ಟುಕೊಳ್ಳಬೇಕಾದ ಚಿತ್ರಕ್ಕೆ ಬೇಡ, ಕಾಲಕ್ರಮದಲ್ಲಿ ಹಳದಿ ತಿರುಗುತ್ತದೆ. ಪುಡಿ ಉದುರದಂತೆ ಹಿಡಿದಿಡುವ ಸ್ಪ್ರೇ, ಫಿಕ್ಸೆಟಿವ್, ಕೊಂಡರೆ ಒಂದಡಿ ದೂರದಿಂದ, ಗಾಳಿಯಾಡುವ ಕಡೆ, ತೆಳ್ಳಗೆ ಎರಡು ಮೂರು ಸಲ ಹೊಡೆಯಿರಿ. ಒಂದೇ ಸಲಕ್ಕೆ ತೋಯಿಸಿದರೆ ಹನಿ ಇಳಿದು ನೆರಳಿನಲ್ಲಿ ಕಲೆಯಾಗುತ್ತದೆ. ಯಾವುದೂ ಇಲ್ಲದಿದ್ದರೆ ಹಾಳೆಗಳ ನಡುವೆ ಬಟರ್ ಪೇಪರ್ ಇಟ್ಟು, ಉಜ್ಜದಂತೆ ಎರಡು ರಟ್ಟುಗಳ ನಡುವೆ ಕ್ಲಿಪ್ ಹಾಕಿ ಮಲಗಿಸಿಡಿ. ಸುತ್ತಿ ಇಡಬೇಡಿ.